ನೋವಿಲ್ಲದ ಗಂಟು

ಆಂಡರ್ಸನ್‌ಪೇಟೆ, ಕೆ.ಜಿ.ಎಫ್.
14-9-2025, ಭಾನುವಾರ

ಪ್ರೀತಿಯ ಅಂಬಿಕಾ,

ನೀನೂ ನನ್ನ ತಮ್ಮ ನಾಗೇಶನೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಹಸುಗಳು ಚೆನ್ನಾಗಿಯೇ ಇರುತ್ತವೆ, ಅದನ್ನು ಕೇಳಬೇಕಾಗಿಲ್ಲ. ಇಲ್ಲಿ ನಾನು, ನನ್ನ ಮಗ ಚಿರಂಜೀವಿ, ಸೊಸೆಯಾಗಿ ಬಂದ ನಿನ್ನ ಮಗಳು ನವ್ಯ ಎಲ್ಲರೂ ಕ್ಷೇಮ. ಮದುವೆಯಾಗಿ ನಾಲ್ಕು ತಿಂಗಳಾದರೂ ನಿನ್ನ ಮಗಳು ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಾಳೆ. ನನ್ನ ಮಗ ತುಟಿ ಪಿಟಕ್ಕೆನ್ನದೆ ಉಣ್ಣುತ್ತಾನೆ. ಸಂಸಾರ ನಡೆಯುತ್ತಿದೆ.

ಫೋನಿರುವಾಗ ಕಾಗದ ಯಾಕೆ ಎನ್ನುತ್ತೀಯ. ನಿನ್ನ ಫೋನು ಎತ್ತುವವನು ನಾಗೇಶ. ಎತ್ತಿದ ಕೂಡಲೇ ಸ್ಪೀಕರ್ ಹಾಕಿ ಕೊಟ್ಟಿಗೆಯ ಗೋಡೆಯ ಮೇಲಿಡುತ್ತಾನೆ. ಈ ಮಾತು ಕೊಟ್ಟಿಗೆಗೆಲ್ಲ ಕೇಳಿಸುವಂಥದಲ್ಲ. ಅದಕ್ಕೇ ಕಾಗದವನ್ನು ನಿನ್ನ ಹಸಿರು ಬ್ಲೌಸಿನ ಮಡಿಕೆಯಲ್ಲಿಟ್ಟು ನವ್ಯಳ ಕೈಲಿ ಕಳಿಸುತ್ತಿದ್ದೇನೆ. ಇಪ್ಪತ್ತಾರು ವರ್ಷ ಬ್ಲೌಸು ಹೊಲಿದು ನಾನು ಕಲಿತದ್ದೇನೆಂದರೆ, ಗಂಡಸರು ಮನೆಗೆ ಬಂದ ಪೊಟ್ಟಣವನ್ನೆಲ್ಲ ಬಿಚ್ಚಿ ನೋಡುತ್ತಾರೆ, ಹೆಂಡತಿಯ ಬ್ಲೌಸು ಮಾತ್ರ ಮಡಿಸಿದ ಹಾಗೇ ಇರುತ್ತದೆ.

ನವ್ಯ ಹೇಳಿದಳು. ಎಡಗಡೆ ಎದೆಯಲ್ಲಿ, ಕಂಕುಳ ಹತ್ತಿರ, ಹುಣಸೆಬೀಜದಷ್ಟು ಗಂಟು. ಹದಿನೈದು ದಿನದ ಹಿಂದೆ ಸ್ನಾನ ಮಾಡುವಾಗ ಕೈಗೆ ಸಿಕ್ಕಿತಂತೆ. ಸೋಪು ಜಾರಿದ್ದಕ್ಕೆ ಸಿಕ್ಕಿತು, ನೀನು ಹುಡುಕಿದ್ದಕ್ಕಲ್ಲ. "ನೋವೇ ಇಲ್ವಲ್ಲೇ, ನೋವಿಲ್ದಿದ್ಮೇಲೆ ಕಾಯ್ಲೆ ಎಂಗಾತದೆ?" ಎಂದೆಯಂತೆ ಮಗಳಿಗೆ. ನಾಗೇಶನಿಗೆ ಹೇಳಿದರೆ, "ಅದು ಎಂಗಸ್ರ ಇಸ್ಯ, ನಮ್ಮಕ್ಕನ್ನ ಕೇಳೋಗು" ಎಂದು ಹಾಲಿನ ಕ್ಯಾನು ಎತ್ತಿಕೊಂಡು ಡೇರಿಗೆ ಹೊರಟನಂತೆ. ನೀನು ಕೇಳಲು ಬರಲಿಲ್ಲ. ನಾನು ಕೇಳದೆಯೇ ಹೇಳುತ್ತಿದ್ದೇನೆ.

ಅಂಬಿಕಾ, ಮೂರು ಹಸು, ಹನ್ನೆರಡು ಮೊಲೆ, ದಿನಕ್ಕೆ ಎರಡು ಹೊತ್ತು. ಕರೆಯುವ ಮುಂಚೆ ಒಂದೊಂದನ್ನೂ ನೀವಿ, ಮೊದಲ ಹಾಲನ್ನು ಅಂಗೈಗೆ ಬಿಟ್ಟು ಗಡ್ಡೆಯಿದೆಯೇ ಎಂದು ನೋಡುತ್ತೀಯ. ಕೆಚ್ಚಲು ಒಂಚೂರು ಗಟ್ಟಿ ಸಿಕ್ಕರೆ ನನ್ನ ತಮ್ಮ ದನದ ಡಾಕ್ಟರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬರುತ್ತಾನೆ, ಆ ಮನುಷ್ಯನಿಗೆ ಚಪ್ಪಲಿ ಮೆಟ್ಟಲೂ ಪುರುಸೊತ್ತು ಕೊಡುವುದಿಲ್ಲ. ಲೆಕ್ಕ ಹಾಕಿದರೆ ವರ್ಷಕ್ಕೆ ಎಂಟು ಸಾವಿರ ಸಲಕ್ಕೂ ಮೇಲೆ ನಿನ್ನ ಕೈ ಆ ಕೆಲಸ ಮಾಡುತ್ತದೆ. ನಿನ್ನವು ಎರಡು. ನಲವತ್ತಾರು ವರ್ಷದಲ್ಲಿ ಒಂದೇ ಸಲ, ಅದೂ ಸೋಪಿನ ದಯೆ. ನೀನು ಆ ಮನೆಯಲ್ಲಿ ಹಸುವಾಗಿದ್ದರೆ ಇಷ್ಟೊತ್ತಿಗೆ ಎರಡು ಇಂಜೆಕ್ಷನ್ ಬಿದ್ದಿರುತ್ತಿತ್ತು.

ಇಲ್ಲೇ ಚಾಂಪಿಯನ್ ರೀಫ್ಸ್ ಬಡಾವಣೆಯ ಸೆಲ್ವಿಯನ್ನು ನೀನು ನೋಡಿಲ್ಲ. ಹನ್ನೊಂದು ವರ್ಷ ನನ್ನ ಹತ್ತಿರ ಹೊಲಿಸಿದವಳು. ಅವಳ ಗಂಟಿಗೂ ನೋವಿರಲಿಲ್ಲ. "ಡಾಕ್ಟ್ರು ಗಂಡ್ಸು ಕಣಕ್ಕಾ, ಎಂಗ್ ತೋರ್ಸಲಿ, ಐಯ್ಯೋ ಸಾಮಿ" ಎಂದುಕೊಂಡು ಎಂಟು ತಿಂಗಳು ಯಾವುದೋ ಸೊಪ್ಪು ಅರೆದು ಕಟ್ಟಿಕೊಂಡಳು. ಚರ್ಮ ಕಿತ್ತಳೆ ಸಿಪ್ಪೆಯ ಹಾಗಾಯಿತು, ತೊಟ್ಟು ಒಳಕ್ಕೆ ಎಳೆದುಕೊಂಡಿತು. ಕೊನೆಗೆ ಅವಳು ಆಸ್ಪತ್ರೆಗೆ ಹೋದದ್ದು ಬೆನ್ನುನೋವೆಂದು, ಅಷ್ಟರಲ್ಲಿ ಅದು ಮೂಳೆಗೆ ಇಳಿದಿತ್ತು. ಒಬ್ಬ ಗಂಡಸಿಗೆ ತೋರಿಸಲು ನಾಚಿದವಳನ್ನು ಬೆಂಗಳೂರಿನಲ್ಲಿ ಹತ್ತು ಮಂದಿ ಸುತ್ತ ನಿಂತು ನೋಡಿದರು. ಹೋದ ವರ್ಷದ ದೀಪಾವಳಿಗೆ ಹೊಲಿಯಲು ಕೊಟ್ಟ ಮೆರೂನ್ ಬ್ಲೌಸು ಇನ್ನೂ ಅಂಗಡಿಯಲ್ಲೇ ನೇತಾಡುತ್ತಿದೆ. ಹಬ್ಬಕ್ಕೆ ಅವಳಿರಲಿಲ್ಲ. ಗಂಡ ಬಂದು ಒಯ್ಯಲಿಲ್ಲ, ಬೇರೆಯವರಿಗೆ ಅದು ಆಗುವುದಿಲ್ಲ.

ಹೆದರಿಸಲು ಬರೆಯುತ್ತಿಲ್ಲ. ಹೆದರಿದರೂ ಒಳ್ಳೆಯದೇ, ಬೇಗ ಬಸ್ಸು ಹತ್ತುತ್ತೀಯ. ಗಂಟುಗಳೆಲ್ಲ ಕ್ಯಾನ್ಸರ್ ಅಲ್ಲ, ಹೆಚ್ಚಿನವು ಅಲ್ಲವೇ ಅಲ್ಲ ಎಂದು ನಮ್ಮ ಬೀದಿಯ ನರ್ಸು ಅರ್ಚನ ಹೇಳಿದಳು. ಆದರೆ ಅಲ್ಲವೆನ್ನಬೇಕಾದವರು ನೀನೂ ಅಲ್ಲ, ನಾಗೇಶನೂ ಅಲ್ಲ. ಅದನ್ನು ಹೇಳಬೇಕಾದದ್ದು ಸ್ಕ್ಯಾನು, ಸೂಜಿ ಪರೀಕ್ಷೆ. ಅವಳು ನನಗೂ ನವ್ಯಳಿಗೂ ನೋಡಿಕೊಳ್ಳುವುದು ಹೇಗೆಂದು ತೋರಿಸಿಕೊಟ್ಟಿದ್ದಾಳೆ. ತಿಂಗಳ ಮುಟ್ಟು ಮುಗಿದ ನಾಲ್ಕೈದು ದಿನಕ್ಕೆ ಕನ್ನಡಿಯ ಮುಂದೆ ಎರಡೂ ಕೈ ಮೇಲೆತ್ತಿ ನಿಲ್ಲಬೇಕು. ಎಲ್ಲಾದರೂ ಚರ್ಮ ಒಳಕ್ಕೆ ಸೇದಿಕೊಂಡಿದೆಯೇ, ತೊಟ್ಟಿನಿಂದ ಏನಾದರೂ ಒಸರುತ್ತಿದೆಯೇ ನೋಡಬೇಕು. ಆಮೇಲೆ ಮಲಗಿ, ಮೂರು ಬೆರಳ ಚಪ್ಪಟೆಯಿಂದ ಸುತ್ತಲೂ, ಕಂಕುಳವರೆಗೂ ಒತ್ತಿ ನೋಡಬೇಕು. ಹಿಂಡಬಾರದು, ಅದು ಕೊಟ್ಟಿಗೆಯ ಪದ್ಧತಿ. ಇದು ನವ್ಯಳಿಗೆ ಪ್ರತಿ ತಿಂಗಳಿನ ಕೆಲಸ. ನೀನು ಮಾತ್ರ ಇನ್ನು ಒತ್ತಿ ನೋಡುತ್ತ ಕೂರಬೇಡ, ನಿನ್ನದು ಆಗಲೇ ಸಿಕ್ಕಿದೆ.

ಬುಧವಾರ ಬೆಳಗ್ಗೆ ರಾಬರ್ಟ್‌ಸನ್‌ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಗಂಟೆಗೆ ನಿಂತಿರುತ್ತೇನೆ. ಲೇಡಿ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೇನೆ, ಏಳನೆಯದು ನಿನ್ನದು. ಹಾಲು ಕರೆಯುವವರಿಲ್ಲ ಎನ್ನಬೇಡ. ನಾಗೇಶ ಕರೆಯಲು ಕೂತರೆ ಹಸು ಒದೆಯುತ್ತದೆಯಂತೆ. ಒದೆಯಲಿ. ಒಂದು ದಿನ ಒದೆಸಿಕೊಂಡರೆ ನಿನ್ನ ಬೆಲೆ ಗೊತ್ತಾಗುತ್ತದೆ. ನೀನು ಬರದಿದ್ದರೆ ಹನ್ನೊಂದು ಗಂಟೆಗೆ ಆಟೋ ಮಾಡಿಕೊಂಡು ಬಂದು, ನಿಮ್ಮ ಬೀದಿಯಲ್ಲೇ ನಿಂತು ಈ ಕಾಗದವನ್ನು ಗಟ್ಟಿಯಾಗಿ ಓದುತ್ತೇನೆ. ನನ್ನ ಗಂಟಲು ನಿನಗೆ ಗೊತ್ತಲ್ಲ.

ನಾಗೇಶನಿಗೆ ಅಕ್ಕನ ಬೈಗುಳ, ನಿನಗೆ ಆಯುಸ್ಸು ಗಟ್ಟಿಯಾಗಲೆಂಬ ಹಾರೈಕೆ.

ಇಂತಿ ನಿನ್ನ ಅತ್ತಿಗೆ, ಮೇ ತಿಂಗಳಿನಿಂದ ಬೀಗಿತ್ತಿ,
ಸುಮಲತ

ಮರೆತ ಮಾತು: ನವ್ಯ ಹೊರಟು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಎಷ್ಟು ದಿನದಿಂದ ಇದೆ ಎಂದು ಡಾಕ್ಟರು ಕೇಳುತ್ತಾರೆ. ಹದಿನೈದು ದಿನ ಎನ್ನಬೇಡ. ಏಪ್ರಿಲ್‌ನಿಂದ ಎನ್ನು. ಮಗಳ ಮದುವೆಗೆ ಹೊಲಿದ ಬ್ಲೌಸು ನಿನಗೆ ತೊಡಿಸಿ ಪಿನ್ ಹಾಕುವಾಗ ನನ್ನ ಬೆರಳಿಗೆ ಸಿಕ್ಕಿತ್ತು, ಆಗ ಕಡಲೆಕಾಳಿನಷ್ಟು. "ಯಾಕತ್ಗೆ, ಅಲ್ಲೇ ನಿಲ್ಸ್‌ಬುಟ್ರಿ ಕೈನ?" ಎಂದು ಕೇಳಿದೆ ನೀನು. "ಮೈ ಬಂದದೆ ಕಣೇ" ಎಂದೆ ನಾನು. ನೀನು ನಕ್ಕೆ. ಆಸ್ಪತ್ರೆಯ ಮಾತೆತ್ತಿದರೆ ಮದುವೆ ಮುಂದಕ್ಕೆ ಹೋಗುತ್ತಿತ್ತು, ಮೂರು ಮನೆಯವರು ಬೇಡವೆಂದ ಹುಡುಗ ನನ್ನವನು. ಅದೇನಿರಬಹುದೆಂದು ಗೊತ್ತಿದ್ದೇ ಸುಮ್ಮನಿದ್ದೆ. ಮದುವೆ ಮುಗಿದ ಮೇಲೂ ನಾಲ್ಕು ತಿಂಗಳು ಸುಮ್ಮನಿದ್ದೆ, ಅದಕ್ಕೆ ಕಾರಣವೂ ಇಲ್ಲ. ನವ್ಯಳಿಗೆ ಗೊತ್ತಿಲ್ಲ. ಅವಳಿಗೆ ಹೇಳುವುದು ಬಿಡುವುದು ನಿನ್ನಿಷ್ಟ. ಡಾಕ್ಟರಿಗೆ ಮಾತ್ರ ಏಪ್ರಿಲ್ ಎಂದೇ ಹೇಳು.