ಹೊಸತೊಡಕಿನ ಬೈಗುಳ

೧೦ ಏಪ್ರಿಲ್ ೨೦೨೪, ಬುಧವಾರ

ಯುಗಾದಿಯ ಮರುದಿನ, ಹೊಸತೊಡಕಿನ ದಿನವೇ ಮಗುವನ್ನು ಬೈದುಬಿಟ್ಟೆ. ಇವತ್ತು ಏನು ಮಾಡುತ್ತೇವೋ ವರ್ಷವೆಲ್ಲ ಅದೇ ಆಗುತ್ತದೆ ಎಂದು ಅತ್ತೆ ಬೆಳಿಗ್ಗೆಯೇ ಎಚ್ಚರಿಸಿದ್ದರು. ಮಕ್ಕಳಿಗೆ ಅಷ್ಟೇ ಸಾಕಾಯಿತು. ಸೋಫಾದ ಮೇಲೆ ಕುಣಿದರೂ, ಸಕ್ಕರೆ ಡಬ್ಬ ಖಾಲಿ ಮಾಡಿದರೂ ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ.

ಊಟಕ್ಕೆ ಬಡಿಸಲು ಹೋದರೆ ಕೈಮ ಉಂಡೆಯ ತಟ್ಟೆ ಬರಿದು. ಹೊಸಕೋಟೆಯಿಂದ ಬಂದಿದ್ದ ಮೈದುನನ ಮಗಳು ಸಿಂಚನ, ಅಷ್ಟನ್ನೂ ಬೀದಿಯಲ್ಲಿ ಮರಿ ಹಾಕಿರುವ ನಾಯಿಗೆ ತಿನ್ನಿಸಿದ್ದಳು.

"ಅದಕ್ಕೂ ವರ್ಷವೆಲ್ಲಾ ಮಟನ್ ಸಿಗ್ಲಿ ಅಂತ, ದೊಡ್ಡಮ್ಮ."

ಬೆಳಗಿನಿಂದ ತಡೆದುಕೊಂಡಿದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು.

"ಮುಗೀತು ಬಿಡು, ಇನ್ನು ವರ್ಷವೆಲ್ಲಾ ಬೈಕೊಂಡೇ ಇರ್ತೀಯ," ಎಂದರು ಅತ್ತೆ. ಉಂಡೆಯಿಲ್ಲದ ಸಾರಿನಲ್ಲೇ ಎಲ್ಲರೂ ಎರಡೆರಡು ಮುದ್ದೆ ಉಂಡರು.

ಸಂಜೆ ಎಲ್ಲರೂ ಹೊರಟಾಗ ಸಿಂಚನ ಕಾರು ಹತ್ತದೆ ನನ್ನ ಸೆರಗು ಹಿಡಿದುಕೊಂಡಳು.

"ನೀನು ವರ್ಷವೆಲ್ಲಾ ನನ್ನ ಬೈಬೇಕು ಅಂದ್ರೆ ನಾನು ಇಲ್ಲೇ ಇರ್ಬೇಕಲ್ವಾ, ದೊಡ್ಡಮ್ಮ?"

ಅವಳ ಬಟ್ಟೆಯ ಚೀಲವನ್ನು ನಾನೇ ಕಾರಿನಿಂದ ಇಳಿಸಿಕೊಂಡೆ. ಹೇಗೂ ಬೇಸಿಗೆ ರಜೆ. ಈಗ ಪಕ್ಕದಲ್ಲಿ ಅಡ್ಡಡ್ಡ ಮಲಗಿ, ನನ್ನ ದಿಂಬನ್ನೂ ಎಳೆದುಕೊಂಡಿದ್ದಾಳೆ. ಬೆಳಿಗ್ಗೆ ಬೈಯುತ್ತೇನೆ.