ಚೆಂಡು ಒದೆಯುವ ಮೊದಲು

೯ ಜನವರಿ ೧೯೫೪, ಶನಿವಾರ
ಬೆಳಿಗ್ಗೆ ಶಾಲೆಯಲ್ಲಿ ಡ್ರಿಲ್ ಮಾಡಿಸುವುದು, ಸಂಜೆ ರೆಫ್ರಿಯಾಗಿ ಫುಟ್‌ಬಾಲ್‌ಗೆ ಸೀಟಿ. ಮಸ್ಕಿ ಮೈದಾನದ ಧೂಳೆಲ್ಲ ಗಂಟಲಲ್ಲಿ. ಕಾರ್ನರ್ ಸಿಕ್ಕಿತೆಂದರೆ ಅದೇ ಗೋಳು — ಗೋಲಿನ ಮುಂದೆ ಅಂಗಿ ಜಗ್ಗುವುದು, ಕಾಲು ತುಳಿಯುವುದು. ಚೆಂಡು ಒದೆಯಲು ಬಿಡುವುದೇ ಇಲ್ಲ ನಾನು. ಇಬ್ಬರನ್ನೂ ಕರೆದು, ಬೈದು, ಕೈ ಕೈ ಹಿಡಿಸಿ, ಆಮೇಲೆ ಸೀಟಿ. ಸಾಕಾಗಿದೆ.

೧೪ ಜನವರಿ
ತಂಗಿ ಶಿವಬಸಮ್ಮನ ಮದುವೆ ಮಾತು ಪಕ್ಕಾ. ಹುಡುಗ ಸಿಂಧನೂರಿನ ಬಸವಂತರಾಯ. ಎರಡು ಸಂಬಂಧ ತಪ್ಪಿದ ಮೇಲೆ ಇದು. ಸೋಮವಾರ ನಿಶ್ಚಿತಾರ್ಥ. ಆದರೆ ಭಾನುವಾರ ಸಿಂಧನೂರಿಗೂ ಲಿಂಗಸುಗೂರಿಗೂ ಫೈನಲ್, ರೆಫ್ರಿ ನಾನು, ಅವನೇ ಸಿಂಧನೂರಿನ ಬ್ಯಾಕ್! ಬೇರೆ ರೆಫ್ರಿಯನ್ನು ನೋಡಿ ಎಂದೆ, ಕಮಿಟಿಯ ಇಮಾಮ್‌ಸಾಬ್‌ಗೆ.
“ನಿಮ್ಮನ್ನ ಬಿಟ್ರ ಕಾಯ್ದೆ ಗೊತ್ತಿದ್ದೋರು ಯಾರದಾರ್ರೀ ಮಾಸ್ತರ?”
ಹೂಂ ಅಂದೆ. ಅನ್ನಬಾರದಿತ್ತು.

೧೭ ಜನವರಿ, ಸಂಜೆ
ಮೊದಲ ಕಾರ್ನರ್‌ನಲ್ಲೇ ಬಸವಂತರಾಯ ಲಿಂಗಸುಗೂರಿನ ಪಕೀರಪ್ಪನ ಅಂಗಿ ಜಗ್ಗಿದ. ಕಂಡೂ ಸುಮ್ಮನಿದ್ದೆ. ನಾಳೆ ಮನೆಗೆ ಬರುವವನನ್ನು ಹೇಗೆ ಬೈಯಲಿ? ಮತ್ತೊಂದು ಕಾರ್ನರ್, ಮತ್ತೆ ಅದೇ.
“ಮಾಸ್ತರ, ನಿಮ್ಮ ಬೀಗರ ಕೈ ಒಂದೀಟು ನೋಡ್ರೆಪಾ!” ಎಂದ ಪಕೀರಪ್ಪ. ಮಂದಿ ನಕ್ಕರು. ನಾಚಿಕೆಯಾಯಿತು.
ಮುಂದಿನ ಸಲ ಚೆಂಡು ಇನ್ನೂ ಮೂಲೆಯಲ್ಲೇ ಇತ್ತು. ಬಸವಂತರಾಯ ಅವನ ಹೊಟ್ಟೆಗೆ ಗುದ್ದೇಬಿಟ್ಟ. ಪಕೀರಪ್ಪ ಕುಸಿದ. ಪೆನಾಲ್ಟಿ, ಪೆನಾಲ್ಟಿ ಎಂದು ಒಂದೇ ಗದ್ದಲ. ಚೆಂಡು ಒದ್ದಿಲ್ಲ, ಪೆನಾಲ್ಟಿ ಕೊಡುವಂತಿಲ್ಲ. ಹೊಡೆದವನನ್ನು ಹೊರಗೆ ಹಾಕಬೇಕು, ಅಷ್ಟೇ. ಹಾಕಿದೆ.
“ನಿಮ್ಮ ತಂಗೀನ ಮರ್ತ್ರೇನು?” ಎಂದ ಬಸವಂತರಾಯ, ಮೆಲ್ಲಗೆ. ಹೋದ.
ಮೊದಲೇ ಕರೆದು ಬೈದಿದ್ದರೆ ಇಷ್ಟಾಗುತ್ತಿರಲಿಲ್ಲ. ತಪ್ಪು ನನ್ನದೂ ಹೌದು.

೧೮ ಜನವರಿ
ನಿಶ್ಚಿತಾರ್ಥಕ್ಕೆ ಯಾರೂ ಬರಲಿಲ್ಲ. ಹೋಳಿಗೆ ಹಾಗೇ ಉಳಿದವು. ಸಂಜೆ, ಸಂಬಂಧ ಕೂಡಿಸಿದ ಕರಿಬಸಯ್ಯನವರು ಒಬ್ಬರೇ ಬಂದರು.
“ಹುಡುಗಿ ಬ್ಯಾಡ ಅಂದಿಲ್ಲ ಅವರು. ‘ನನ್ನ ಕಣ್ಣು ತಪ್ಪಿತು, ಅವ ಹೊಡದಿಲ್ಲ’ ಅಂತ ನಾಕು ಮಂದಿ ಮುಂದ ಅಂದುಬಿಡ್ರಿ. ಮುಗೀತು.”

೨೩ ಜನವರಿ
ಅಂದುಬಿಡುವುದು ಎಂದು ತೀರ್ಮಾನಿಸಿದೆ. ಯಾವ ಫೈನಲ್, ಯಾವ ಕಾಯ್ದೆ! ಅವಳ ಬಾಳು ಮುಖ್ಯ. ಸಿಂಧನೂರಿನ ಬಸ್ಸಿಗೆಂದು ಚಪ್ಪಲಿ ಮೆಟ್ಟಿದೆ. ಶಿವಬಸಮ್ಮ ಬಾಗಿಲಿಗೆ ಬಂದಳು.
“ಅಣ್ಣಾ, ಅವ ಖರೇನ ಹೊಡದಾನೇನು?”
“ಹೂಂ.”
“ಅಷ್ಟು ಮಂದಿ ಮುಂದ ಹೊಡದಾನಂದ್ರ... ಬಾಗಲಾ ಹಾಕ್ಕೊಂಡ ಮ್ಯಾಲೆ ನನಗ ಸೀಟಿ ಊದೋರು ಯಾರು?”
ಬಸ್ಸು ಹೋದ ಸದ್ದು ಕೇಳಿತು. ಚಪ್ಪಲಿ ಬಿಚ್ಚಿದೆ. ನಾಳೆ ಕರಿಬಸಯ್ಯನವರು ಬಂದರೆ, ಕಂಡದ್ದನ್ನೇ ಹೇಳುವುದು.