ಐವತ್ತೆರಡು ವರದಿ, ಒಬ್ಬಳೇ ರೋಗಿ

ಮಾರ್ಚ್ ೧೧, ಮಂಗಳವಾರ
ಮಧ್ಯಾಹ್ನ, ಕಾಲೇಜಿನ ಸಿಬ್ಬಂದಿ ಕೊಠಡಿಯಿಂದ

ಪ್ರೀತಿಯ ಮೆಣಸಿನಕಾಯಿಗೆ,

ಅಕ್ಕನ ನೆನಪುಗಳು. ನಿನ್ನ ಹೊಲಿಗೆ ಅಂಗಡಿಗೆ ಎರಡನೇ ಮಷೀನು ಬಂತೆಂದು ನಿನ್ನ ಮಗಳು ಫೋನಿನಲ್ಲಿ ಹೇಳಿದಳು. ಕೇಳಿ ಹೊಟ್ಟೆ ತಣ್ಣಗಾಯಿತು. ಹೋದ ವರ್ಷ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ನೀನು ಬೈಯುವ ಮೊದಲೇ ಒಪ್ಪಿಕೊಳ್ಳುತ್ತೇನೆ: ಪುರುಸೊತ್ತಿಲ್ಲ ಎಂದು ಹೇಳಿಕಳಿಸಿದ್ದೆಲ್ಲ ಸುಳ್ಳು. ಬರೆಯಲು ಮುಖವಿರಲಿಲ್ಲ. ಈಗಲೂ ಇಲ್ಲ, ಆದರೆ ಬರೆಯದೆ ವಿಧಿಯಿಲ್ಲ.

ಜೂನ್‌ನಲ್ಲಿ ವರ್ಗವಾಗಿ, ನಾನು ಓದಿದ ಕಾಲೇಜಿಗೇ ಪಾಠ ಹೇಳಲು ಬಂದಿದ್ದೇನಷ್ಟೆ. ಮೊದಲ ವರ್ಷದ ಮಕ್ಕಳಿಗೆ ಮನಃಶಾಸ್ತ್ರ. ಈಗ ನಡೆಯುತ್ತಿರುವುದು ಮಾನಸಿಕ ಅಸ್ವಸ್ಥತೆಗಳ ಅಧ್ಯಾಯ: ಯಾವುದನ್ನು ಕಾಯಿಲೆ ಅನ್ನಬೇಕು, ಯಾವುದನ್ನು ಯಾವ ಗುಂಪಿಗೆ ಸೇರಿಸಬೇಕು. ಈ ಪಾಠ ಶುರುವಾದರೆ ಕಾಲೇಜಿಗೆ ಕಾಲೇಜೇ ಆಸ್ಪತ್ರೆ. ಮುಂದಿನ ಬೆಂಚಿನವಳಿಗೆ ಸೋಮವಾರ ಆತಂಕ, ಬುಧವಾರ ಖಿನ್ನತೆ, ಶುಕ್ರವಾರದ ಹೊತ್ತಿಗೆ ಅವಳೊಳಗೆ ಇಬ್ಬರು. ಮಕ್ಕಳದ್ದು ಬಿಡು, ಹುಡುಗಾಟ. ತಲೆ ನೆರೆತವರು ಈ ಕೊಠಡಿಯಲ್ಲಿ ಕೂತು ಆಡುವ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಪೆನ್ನು ಸಾಲಾಗಿ ಜೋಡಿಸುವ ಗಣಿತದ ಮೇಷ್ಟ್ರಿಗೆ ಗೀಳು. ಗಂಡ ಸತ್ತು ಮೂರು ತಿಂಗಳಾಗದ ಲೈಬ್ರರಿಯಾಕೆ ಇವರ ಜೋಕಿಗೆ ನಗಲಿಲ್ಲವೆಂದು ಆಕೆ ಡಿಪ್ರೆಶನ್ ಕೇಸು. ಟೀ ಹೀರುತ್ತಾ ಹೇಳುತ್ತಾರೆ. ಥೂ.

ಪುಸ್ತಕ ಪಾಪ ಹಾಗೆ ಹೇಳುವುದಿಲ್ಲ. ಒಬ್ಬರ ನಡವಳಿಕೆ ನಾಲ್ಕು ಜನರಿಗಿಂತ ಬೇರೆಯಾದ ಮಾತ್ರಕ್ಕೆ ಕಾಯಿಲೆಯಲ್ಲ. ಅವರಿಗೆ ಅದರಿಂದ ಸಂಕಟವೇ, ದಿನದ ಕೆಲಸ ಕೆಡುತ್ತಿದೆಯೇ, ಯಾರಿಗಾದರೂ ಅಪಾಯವೇ ಎಂದು ನೋಡಬೇಕು. ಅದಕ್ಕೂ ಮೊದಲು, ಅವರ ಸುತ್ತಲಿನ ಬದುಕಿನಲ್ಲಿ ಅದಕ್ಕೆ ತಕ್ಕ ಕಾರಣವಿದೆಯೇ ಎಂದು ಕೇಳಬೇಕು. ಹೆಸರಿಡುವುದು ಸರಿಯಾದ ಮದ್ದು ಸಿಗಲಿ ಎಂದು, ಬಾಯಿ ಮುಚ್ಚಿಸಲಿಕ್ಕಲ್ಲ. ಇದನ್ನು ವರ್ಷವರ್ಷವೂ ಗಂಟಲು ಹರಿಯುವಂತೆ ಹೇಳುತ್ತೇನೆ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಅನ್ನುತ್ತಾರಲ್ಲ, ಆ ಜಾತಿಯವಳು ನಾನು. ಮುಂದೆ ಓದು, ತಿಳಿಯುತ್ತದೆ.

ಪ್ರಾಯೋಗಿಕ ಪರೀಕ್ಷೆಗೆ ಇಲ್ಲಿ ಪ್ರತಿಯೊಬ್ಬರೂ ಒಂದು ವರದಿ ಬರೆಯಬೇಕು. ಪರಿಚಯದವರೊಬ್ಬರನ್ನು ಹದಿನೈದು ದಿನ ಗಮನಿಸಿ, ಕಂಡದ್ದನ್ನು ಬರೆದು, ಯಾವ ಗುಂಪಿಗೆ ಸೇರುತ್ತದೆ ಎಂದು ತೀರ್ಮಾನಿಸಬೇಕು. ಹೋದ ವಾರ ಐವತ್ತೆರಡು ವರದಿ ತಿದ್ದಲು ಕೂತೆ. ಮೊದಲನೆಯದರಲ್ಲಿ ಹದಿನಾರರ ಹುಡುಗಿ, ಸ್ನಾನಕ್ಕೆ ಹೋದರೆ ಬಚ್ಚಲುಮನೆಯ ಚಿಲಕವನ್ನು ಏಳು ಸಲ ಎಳೆದು ನೋಡುತ್ತಾಳೆ. ಎರಡನೆಯದರಲ್ಲಿ ಇಪ್ಪತ್ತರ ಅತ್ತಿಗೆ, ಅವಳೂ ಏಳು ಸಲ. ಐದನೆಯದರಲ್ಲಿ ಪಕ್ಕದ ಮನೆಯವಳು, ಒಂಬತ್ತು ಸಲ. ಇವನು ಸ್ವಲ್ಪ ಧಾರಾಳಿ. ಒಬ್ಬ ಪುಣ್ಯಾತ್ಮ ತನ್ನ ತಾತನ ಬಗ್ಗೆ ಬರೆದಿದ್ದ. ತಾತ ಜಡೆ ಹೆಣೆದುಕೊಳ್ಳುವಾಗಲೂ ಬಾಗಿಲ ಕಡೆಗೇ ನೋಡುತ್ತಾರಂತೆ! ನಕ್ಕೆ. ಇನ್ನೂ ನಾಲ್ಕು ವರದಿ ಓದುವಷ್ಟರಲ್ಲಿ ನಗು ನಿಂತಿತು, ಏಕೆಂದರೆ ಆ ಹುಡುಗಿ ನನಗೆ ಗೊತ್ತಿದ್ದವಳಂತೆ ಕಂಡಳು.

ಮರುದಿನ ತರಗತಿಯಲ್ಲಿ ಕೇಳಿದೆ, "ಊರಿನ ಅರ್ಧ ಜನ ಬಚ್ಚಲ ಚಿಲಕ ಎಳೀತಾ ಕೂತಿದ್ದಾರೇನ್ರೋ?" ಕನ್ನಡಕದ ಹುಡುಗಿಯೊಬ್ಬಳು ಎದ್ದು, "ಮೇಡಂ, ಕಪಾಟಲ್ಲಿ ಒಂದು ಕೆಂಪು ಬೈಂಡಿದೆ. ಮಾದರಿ ವರದಿ ಅಂತ. ಎಲ್ಲಾ ಬ್ಯಾಚ್‌ನವರೂ ಅದನ್ನೇ ನೋಡ್ಕೊಂಡು ಬರೀತಾರೆ. ನಮ್ಮ ಅತ್ತೆ ಕಾಲದಿಂದಲೂ ಅದೇ ಅಂತೆ" ಎಂದಳು.

ಕಪಾಟು ತೆಗೆಸಿದೆ. ಕೆಂಪು ಬೈಂಡು ಕೈಬೆವರು ಹತ್ತಿ ಕಪ್ಪಾಗಿತ್ತು. ಮೂಲೆಗಳಲ್ಲಿ ಯಾರೋ ಹೃದಯದ ಚಿತ್ರ ಬರೆದಿದ್ದರು, ಯಾರೋ ಚಟ್ನಿ ಚೆಲ್ಲಿದ್ದರು. ಒಳಗಿದ್ದುದು ನನ್ನ ಅಕ್ಷರ. ಇಪ್ಪತ್ತಾರು ವರ್ಷದ ಹಿಂದಿನ, ಮುತ್ತು ಪೋಣಿಸಿದಂಥ ನನ್ನ ಅಕ್ಷರ. ಇಪ್ಪತ್ತಕ್ಕೆ ಹತ್ತೊಂಬತ್ತು ಅಂಕ.

ಹೌದು ಕಣೇ, ಅದು ನೀನು. ಇಪ್ಪತ್ತಾರು ವರ್ಷ ಕಂಡಕಂಡ ಹುಡುಗರು ನಿನ್ನನ್ನು ನಕಲು ಮಾಡಿ ಪಾಸಾಗಿದ್ದಾರೆ.

ನಿನಗೆ ನೆನಪಿರಬಹುದು, ಆಗ ಅಪ್ಪ ಕೇಳಿದ್ದರು, "ಏನಮ್ಮಾ ಇವಳಿಗೆ? ನೀನು ಅದನ್ನೇ ಓದ್ತಿದ್ದೀಯಲ್ಲ, ಹೇಳು ನೋಡೋಣ." ಮನೆಯಲ್ಲಿ ಮೊದಲ ಸಲ ಅಪ್ಪ ನನ್ನನ್ನು ಒಂದು ಮಾತು ಕೇಳಿದ್ದು ಅದು. ಹದಿನೆಂಟರ ನಾನು ಉಬ್ಬಿಹೋದೆ. ಪುಸ್ತಕ ತಂದು, ಬೆರಳಿಟ್ಟು, "ಗೀಳು ಕಾಯಿಲೆ ಅಪ್ಪಾ" ಎಂದೆ. ಬಡಗಿ ಬಂದು ಬಚ್ಚಲುಮನೆಯ ಚಿಲಕ ಕಿತ್ತುಕೊಂಡು ಹೋದ. ನೀನು ಎರಡು ದಿನ ಸ್ನಾನ ಮಾಡಲಿಲ್ಲ. ಮೂರನೇ ದಿನ ನಾಲ್ಕು ಬಟ್ಟೆ ಚೀಲಕ್ಕೆ ತುರುಕಿ ಅಜ್ಜಿಯ ಮನೆಗೆ ಹೋದವಳು ಮತ್ತೆ ನಮ್ಮಲ್ಲಿ ಉಳಿಯಲು ಬರಲಿಲ್ಲ. ಶಾಲೆಯೂ ಅಲ್ಲಿಗೇ ಮುಗಿಯಿತು. ಹೋಗುವ ಮುನ್ನ ನೀನು ಅಮ್ಮನ ಹತ್ತಿರ, ಆಗ ನಮ್ಮಲ್ಲೇ ಇದ್ದ ಚಿಕ್ಕಪ್ಪನ ಬಗ್ಗೆ ಏನೋ ಹೇಳಹೋದೆಯಂತೆ. ಅಮ್ಮ, "ಅದೂ ಕಾಯಿಲೆಯ ಲಕ್ಷಣವೇ ಅಂತೆ, ಅಕ್ಕ ಓದಿದ್ದಾಳೆ" ಎಂದು ನಿನ್ನ ಮಾತನ್ನು ಅಲ್ಲಿಗೇ ತುಂಡು ಮಾಡಿದಳಂತೆ. ವರದಿಯ ಕೊನೆಯ ಸಾಲು ಕೇಳು: "ಚಿಲಕವನ್ನು ತೆಗೆಸಲಾಯಿತು. ಪರೀಕ್ಷಿಸುವ ನಡವಳಿಕೆ ಪೂರ್ತಿ ನಿಂತಿದೆ." ಚಿಲಕವೇ ಇಲ್ಲದ ಮೇಲೆ ಎಳೆದು ನೋಡುವುದೇನನ್ನು! ಅದರ ಪಕ್ಕದಲ್ಲಿ ಅಂದಿನ ಮೇಷ್ಟ್ರು ಕೆಂಪು ಶಾಯಿಯಲ್ಲಿ ‘ಭೇಷ್’ ಎಂದು ಬರೆದಿದ್ದಾರೆ.

ಇಷ್ಟೇ ಆಗಿದ್ದರೆ ಆ ಬೈಂಡನ್ನು ಒಲೆಗೆ ಹಾಕಿ ಸುಮ್ಮನಾಗುತ್ತಿದ್ದೆನೇನೋ, ಹೇಡಿ. ಆದರೆ ನಮ್ಮ ವಿಭಾಗದ ಮುಖ್ಯಸ್ಥರು ಪ್ರಾಯೋಗಿಕ ಕೈಪಿಡಿ ಅಚ್ಚು ಹಾಕಿಸುತ್ತಿದ್ದಾರೆ. ಅದರಲ್ಲಿ ಮಾದರಿ ವರದಿ ಎಂದು ಇದನ್ನೇ ಹಾಕುತ್ತಾರಂತೆ. ನನ್ನ ಅಕ್ಷರ ಎಂದು ತಿಳಿದಾಗ ಅವರಿಗೆ ಎಲ್ಲಿಲ್ಲದ ಖುಷಿ. "ಬಂಗಾರ ರೀ ಮೇಡಂ ಇದು! ನಿಮ್ಮ ಹೆಸರೂ ಹಾಕ್ಸೋಣ" ಎಂದರು.

"ಇದು ತಪ್ಪು ಸರ್" ಎಂದೆ.

"ಏನ್ರೀ ತಪ್ಪು? ಲಕ್ಷಣ ಎಲ್ಲಾ ಅಚ್ಚುಕಟ್ಟಾಗಿ ಕೂತಿದೆ."

"ಆ ಹುಡುಗಿಗೆ ಭಯಪಡೋಕೆ ಕಾರಣ ಇತ್ತು."

"ಕಾರಣ ಏನೂ ಕಂಡಿಲ್ಲ ಅಂತ ನೀವೇ ಬರೆದಿದ್ದೀರಲ್ರೀ." ಆಮೇಲೆ ದನಿ ತಗ್ಗಿಸಿ, "ಹೆಸರಿಲ್ಲ, ಊರಿಲ್ಲ, ಯಾರಿಗೆ ಗೊತ್ತಾಗುತ್ತೆ? ಏನಾದ್ರೂ ಇದ್ರೆ ಕಾರಣ ಸಮೇತ ಬರೆದುಕೊಡಿ. ಸೋಮವಾರ ಅಚ್ಚಿಗೆ ಹೋಗುತ್ತೆ" ಎಂದರು. ಹೇಳಿ, ಹಲ್ಲಿನ ಸಂದಿಗೆ ಕಡ್ಡಿ ಹಾಕಿಕೊಂಡು ಕೂತರು.

ನಿನ್ನ ಮಗಳು ಜೂನ್‌ಗೆ ಇದೇ ಕಾಲೇಜಿಗೆ, ಇದೇ ವಿಷಯಕ್ಕೆ ಸೇರುತ್ತಾಳೆ. ಜಾಣೆ. ತಾಯಿ ಇವತ್ತಿಗೂ ಬಚ್ಚಲ ಬಾಗಿಲಿಗೆ ಒಳಗಿನಿಂದ ಬಕೆಟ್ ಒತ್ತಿ ಇಡುವುದನ್ನು ನೋಡುತ್ತಲೇ ಬೆಳೆದವಳು. ಅಚ್ಚಾದ ಆ ಪುಟ ಓದಿದರೆ ಅವಳಿಗೆ ಗೊತ್ತಾಗಲು ಎಷ್ಟು ಹೊತ್ತು ಬೇಕು? ಗೊತ್ತಾದರೆ ನಿನ್ನ ವಿಚಾರ ತಪ್ಪಾಗಿಯೇ ಗೊತ್ತಾಗುತ್ತದೆ, ಅದೂ ದೊಡ್ಡಮ್ಮನ ಹೆಸರಿನಲ್ಲಿ.

ಅದನ್ನು ತಡೆಯಬೇಕಾದರೆ ಕಾರಣ ಬರೆಯಬೇಕು. ಆ ಕಾರಣ ನಿನ್ನದು. ಇನ್ನೊಂದು ಸಲ ನಿನ್ನನ್ನು ಕೇಳದೆ ನಿನ್ನ ಬಗ್ಗೆ ಒಂದಕ್ಷರ ಬರೆಯಲಾರೆ. ಬರೆ ಎಂದರೆ ಬರೆಯುತ್ತೇನೆ. ಬೇಡ ಎಂದರೆ ಬೇರೆ ದಾರಿ ಹುಡುಕುತ್ತೇನೆ, ಕೆಲಸ ಹೋದರೂ ಸರಿ. ಭಾನುವಾರದೊಳಗೆ ಒಂದು ಸಾಲು ಬರೆ, ಇಲ್ಲವೇ ಮಗಳ ಕೈಲಿ ಫೋನ್ ಮಾಡಿಸು. ನನ್ನೊಂದಿಗೆ ಮಾತಾಡಬೇಕೆಂದೇನೂ ಇಲ್ಲ.

ನಿನ್ನ ಕೈಯ ಹೊಲಿಗೆ ಗಟ್ಟಿಯಾಗಿರಲಿ, ನಿನ್ನ ಮನೆಯ ಬಾಗಿಲುಗಳು ನಿನ್ನ ಮಾತು ಕೇಳಲಿ. ಮಗಳಿಗೆ ನನ್ನ ಮುದ್ದು. ಹರಸುವ ಅರ್ಹತೆ ಉಳಿದಿದ್ದರೆ ಇಬ್ಬರಿಗೂ ಹರಸುತ್ತೇನೆ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಚಿಕ್ಕಪ್ಪ ಸತ್ತಾಗ ನೀನು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನೀನೇ ಹೋದ ವರ್ಷದ ಆ ಕಾಗದದಲ್ಲಿ ಬರೆದೆ. ನಾನು ಫೋನ್ ಮಾಡಿ, "ಅಯ್ಯೋ, ನನಗೇನು ಗೊತ್ತಿತ್ತೇ ಇದೆಲ್ಲ?" ಎಂದು ಅತ್ತೆ. ನೀನೇ ನನ್ನನ್ನು ಸಮಾಧಾನ ಮಾಡಿದೆ. ನನಗೆ ಗೊತ್ತಿತ್ತು. ವರದಿ ಬರೆಯುವ ಹದಿನೈದು ದಿನ ಮೊದಲು, ಬೆಳಗ್ಗೆ, ನೀನು ಒಳಗೆ ಸ್ನಾನ ಮಾಡುತ್ತಿದ್ದಾಗ ಅವನು ಬಚ್ಚಲ ಬಾಗಿಲು ತಳ್ಳುತ್ತಿದ್ದುದನ್ನು ಕಣ್ಣಾರೆ ಕಂಡೆ. ಅವನೂ ನನ್ನನ್ನು ಕಂಡ. "ಕಾಲೇಜಿಗೆ ಹೊತ್ತಾಗ್ಲಿಲ್ವಾ ನಿಂಗೆ?" ಎಂದ. ನನ್ನನ್ನು ಕಾಲೇಜಿಗೆ ಕಳಿಸಲೇಬೇಕೆಂದು ಅಪ್ಪನ ಹತ್ತಿರ ಜಗಳವಾಡಿ ಒಪ್ಪಿಸಿದ್ದವನು ಅವನೇ. ನಾನು ಪುಸ್ತಕ ಎತ್ತಿಕೊಂಡು ಹೊರಟುಬಿಟ್ಟೆ. ವರದಿಯಲ್ಲಿ ‘ಹೊರಗಿನ ಕಾರಣ’ ಎಂಬ ಕಲಮಿನ ಮುಂದೆ ‘ಕಂಡುಬಂದಿಲ್ಲ’ ಎಂದು ಬರೆದೆ. ಚಿಲಕ ತೆಗೆಸಿಬಿಡೋಣ ಎಂದವನೂ ಅವನೇ. ಅಪ್ಪ ಅನುಮಾನಿಸಿ ನನ್ನ ಮುಖ ನೋಡಿದರು. "ಹೂಂ ಅಪ್ಪಾ, ಪುಸ್ತಕದಲ್ಲೂ ಹಾಗೇ ಇದೆ" ಎಂದೆ. ಪುಸ್ತಕದಲ್ಲಿ ಹಾಗಿರಲಿಲ್ಲ.